ನಮ್ಮ ಮೇಷ್ಟ್ರು ಕೊನೆಗೂ ಪ್ರೊಫೆಸರ್ ಆದರು: ಶಾಲು ಹಾರ ಬೇಡ ಅಂದಿದ್ದಾರೆ, ಏನು ಮಾಡೋಣ?

ಅಮಾನಿಕೆರೆ ವಾಕರ್
ತುಮಕೂರಿನ ಹಳೇ ವಿದ್ಯಾರ್ಥಿಗಳಿಗೆಲ್ಲ ಸಿಹಿ ಸುದ್ದಿ. ನಮ್ಮ ಕನ್ನಡ ಮೇಷ್ಟ್ರಿಗೆ, ಅದೇ ಶಾಸನದ ಮೇಷ್ಟ್ರಿಗೆ, ಪ್ರೊಫೆಸರ್ ಬಡ್ತಿಯ ಆದೇಶ ಬಂದಿದೆ. ನಿನ್ನೆ ಸಂಜೆ ಕೈಗೆ ಸಿಕ್ಕಿತಂತೆ. ಹೆಸರು, ಕಾಲೇಜು ಎಲ್ಲೂ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ. ಹಾಕದಿದ್ದರೂ ಇಲ್ಲಿರೋರಿಗೆ ಗೊತ್ತಾಗುತ್ತೆ ಬಿಡಿ. ಹೆಗಲಲ್ಲಿ ಬಟ್ಟೆ ಚೀಲ, ಚೀಲದೊಳಗೆ ಬ್ರಷ್ಷು, ನೀರಿನ ಬಾಟಲಿ, ಸುರುಳಿ ಸುತ್ತಿದ ಕಾಗದ. ಇಡೀ ಜಿಲ್ಲೆಯಲ್ಲಿ ಹಾಗೆ ಓಡಾಡೋರು ಇನ್ಯಾರಿದ್ದಾರೆ?

ಫೋನ್ ಮಾಡಿ ಅಭಿನಂದನೆ ಹೇಳಿದೆ. "ಇನ್ಮೇಲೆ ಮದುವೆ ಕಾರ್ಡಲ್ಲಿ ನನ್ನ ಹೆಸರಿನ ಹಿಂದೆ ಪ್ರೊಫೆಸರ್ ಅಂತ ಹಾಕೋದು ಸುಳ್ಳಾಗಲ್ಲ ಬಿಡಪ್ಪ" ಅಂದರು.

ಈಗ ಸಮಸ್ಯೆ ಏನಂದ್ರೆ, ನಿವೃತ್ತಿಗೆ ಎರಡು ವರ್ಷವೂ ಉಳಿದಿಲ್ಲ. ನಾವೊಂದಿಷ್ಟು ಜನ ಸೇರಿ ದೊಡ್ಡದಾಗಿ ಸನ್ಮಾನ ಮಾಡಬೇಕು ಅಂತಿದ್ದೆವು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಇವೆಲ್ಲ ಇದ್ದರೆ ನಾನು ಬರೋದೇ ಇಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಹಾಗಂತ ಸುಮ್ನಿರೋಕೆ ಮನಸ್ಸಿಲ್ಲ. ಏನು ಮಾಡೋಣ ಹೇಳಿ.

ತಿಪಟೂರು ಕೊಬ್ರಿ
ಅಯ್ಯೋ, ಅವರಿನ್ನೂ ಪ್ರೊಫೆಸರ್ ಆಗಿರಲಿಲ್ವಾ? ನಾನು 1999ರಲ್ಲಿ ಬಿ.ಎ ಓದುವಾಗಲೇ ನಮ್ಮಪ್ಪ ಅವರನ್ನ ಪ್ರೊಫೆಸರ್ ಸಾಹೇಬ್ರೇ ಅಂತ ಕರೀತಿದ್ರು!

ಶಿರಾ ಗೇಟ್
ನಮ್ಮೂರಲ್ಲಿ ಕಾಲೇಜಿಗೆ ಪಾಠ ಮಾಡೋಕೆ ಹೋದವರೆಲ್ಲ ಪ್ರೊಫೆಸರೇ. ಆದೇಶ ಬರೋದು ಮಾತ್ರ ತಡ.

ಕ್ಯಾತ್ಸಂದ್ರ ತಟ್ಟೆ
ತುಂಬಾ ತುಂಬಾ ಸಂತೋಷ ಆಯ್ತು. ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ಊಟದ ಖರ್ಚು ನನಗಿರಲಿ.

ಮಧುಗಿರಿ ಬೆಟ್ಟ
ನನಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಹತ್ತು ವರ್ಷದ ಹಿಂದೆ ಆಗಬೇಕಿದ್ದ ಕೆಲಸ ಇದು. ಅವರಿಗಿಂತ ಎಷ್ಟೋ ಚಿಕ್ಕವರು, ಒಂದು ಶಾಸನವನ್ನೂ ನೆಟ್ಟಗೆ ಓದೋಕೆ ಬರದವರು, ಮೊದಲೇ ಪ್ರೊಫೆಸರ್ ಆಗಿ ಕೂತರು. ಈಗ ಕೊನೇ ಗಳಿಗೆಯಲ್ಲಿ ಕೊಟ್ಟಿದ್ದಕ್ಕೆ ನಾವು ಪಟಾಕಿ ಹೊಡೀಬೇಕಾ? ತಡ ಮಾಡಿದವರಿಗೆ ನಾವೇ ಚಪ್ಪಾಳೆ ತಟ್ಟಿದ ಹಾಗಾಗುತ್ತೆ.

ಕ್ಯಾತ್ಸಂದ್ರ ತಟ್ಟೆ
@ಮಧುಗಿರಿ ಬೆಟ್ಟ ಅಣ್ಣಾ, ಚಪ್ಪಾಳೆ ಮೇಷ್ಟ್ರಿಗೆ, ಆಫೀಸಿಗಲ್ಲ. ಒಳ್ಳೇ ದಿನ ಯಾಕೆ ಗಂಟು ಮುಖ?

ಕಡತ ಗುಮಾಸ್ತ
ಇಷ್ಟು ತಡ ಯಾಕಾಯ್ತು ಅಂತ ಕೇಳೋರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಬೇರೆ ಕಡೆ ಇಂಥದೇ ಕಡತಗಳನ್ನ ನೋಡಿದವನು.

ಕಾಲೇಜು ಮೇಷ್ಟ್ರಿಗೆ ಬಡ್ತಿ ಸಿಗೋದು ಸಿಎಎಸ್ (ಕೆರಿಯರ್ ಅಡ್ವಾನ್ಸ್‌ಮೆಂಟ್ ಸ್ಕೀಮ್) ಅನ್ನೋ ಯೋಜನೆಯಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದ್ರೆ ಯುಜಿಸಿಯ, 2018ರ ನಿಯಮದ ಪ್ರಕಾರ, ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದವರಿಗೆ ಪಿಎಚ್‌ಡಿ ಇದ್ದರೆ ಮೊದಲ ಮೆಟ್ಟಿಲಿಗೆ 4 ವರ್ಷ. ಎಂ.ಫಿಲ್ ಇದ್ದರೆ 5, ಬರೀ ಎಂ.ಎ ಆದರೆ 6. ಆಮೇಲೆ 5 ವರ್ಷ. ಆಮೇಲೆ 3 ವರ್ಷಕ್ಕೆ ಅಸೋಸಿಯೇಟ್. ಮತ್ತೆ 3 ವರ್ಷಕ್ಕೆ ಪ್ರೊಫೆಸರ್. ಅಂದ್ರೆ ಪಿಎಚ್‌ಡಿ ಇಟ್ಟುಕೊಂಡೇ ಬಂದವರು ಕಾಗದದ ಮೇಲೆ 15 ವರ್ಷಕ್ಕೆ ಪ್ರೊಫೆಸರ್.

ಕಾಗದದ ಮೇಲೆ ಅಂದೆ, ನೆನಪಿರಲಿ. ಮೊದಮೊದಲ ಮೆಟ್ಟಿಲುಗಳಿಗೆ ಓರಿಯಂಟೇಶನ್, ರಿಫ್ರೆಶರ್ ಅಂತ ಮೇಷ್ಟ್ರುಗಳ ತರಬೇತಿ ಕೋರ್ಸಿನ ಸರ್ಟಿಫಿಕೇಟು, ಪ್ರತಿ ಮೆಟ್ಟಿಲಿಗೂ ವರ್ಷ ವರ್ಷದ ಸ್ವಯಂ ಮೌಲ್ಯಮಾಪನ ವರದಿ, ಅದರ ಮೇಲೆ ಪ್ರಾಂಶುಪಾಲರ ಸಹಿ. ಒಂದು ವರ್ಷದ್ದು ಕಳೆದುಹೋದರೆ ಕಡತ ವಾಪಸ್. 2010ರಲ್ಲಿ ಎಪಿಐ ಅಂತ ಪಾಠ, ಸಂಶೋಧನೆ ಎಲ್ಲಕ್ಕೂ ಅಂಕ ಹಾಕೋ ಪದ್ಧತಿ ಬಂತು. 2018ರಲ್ಲಿ ಅದೂ ಬದಲಾಯ್ತು. ಹಳೇ ನಮೂನೆಯಲ್ಲಿ ತುಂಬಿದವರು ಹೊಸ ನಮೂನೆಯಲ್ಲಿ ಮತ್ತೆ ತುಂಬಬೇಕಾಯ್ತು. ಇದರ ಮಧ್ಯೆ ಸಮಿತಿ ಕೂರಬೇಕು, ವಿಷಯ ತಜ್ಞರ ದಿನಾಂಕ ಹೊಂದಬೇಕು, ಚುನಾವಣಾ ನೀತಿ ಸಂಹಿತೆ ಬಂದರೆ ಅದೂ ಮುಂದಕ್ಕೆ.

ಇಷ್ಟೆಲ್ಲ ಆಗೋದು ಯಾರೂ ಬೇಕಂತ ತೊಂದರೆ ಕೊಡದೇ ಇದ್ದಾಗ. ಕೊಟ್ಟರೆ ಕೇಳೋದೇ ಬೇಡ.

ಶಿರಾ ಗೇಟ್
@ಕಡತ ಗುಮಾಸ್ತ ಅಣ್ಣಾ, ಒಂದು ಅನುಮಾನ. ಪ್ರೊಫೆಸರ್ ಹುದ್ದೆ ಖಾಲಿ ಇದ್ದರೆ ತಾನೇ ಕೊಡೋದು? ಖಾಲಿ ಇಲ್ಲದೆ ಕಾದಿರಬಹುದಲ್ವಾ?

ಕಡತ ಗುಮಾಸ್ತ
ಅಲ್ಲ. ಅದು ನೇರ ನೇಮಕಾತಿಗೆ. ಸಿಎಎಸ್ ಬಡ್ತಿ ವ್ಯಕ್ತಿಗೆ ಸಿಗೋದು, ಖಾಲಿ ಹುದ್ದೆಗೂ ಅದಕ್ಕೂ ಸಂಬಂಧ ಇಲ್ಲ. ಅರ್ಹತೆ ಬಂದರೆ ಕೊಡಬೇಕು. ಅವರು ನಿವೃತ್ತರಾದ ಮೇಲೆ ಆ ಹುದ್ದೆ ಮತ್ತೆ ಮೂಲ ದರ್ಜೆಗೇ ಇಳಿಯುತ್ತೆ.

ಪಾವಗಡ ಬಿಸಿಲು
ಹಿಂದಿನ ತಾರೀಖಿನಿಂದ ಕೊಡ್ತಾರಾ ಇಲ್ವಾ? ಅರಿಯರ್ಸ್, ಅಂದ್ರೆ ಹಿಂಬಾಕಿ ಸಂಬಳ, ಬರುತ್ತಾ?

ಕಡತ ಗುಮಾಸ್ತ
ಅರ್ಹತೆ ಬಂದ ಕೂಡಲೇ ಅರ್ಜಿ ಹಾಕಿ ಅದರಲ್ಲಿ ಪಾಸಾದರೆ ಅರ್ಹತೆಯ ದಿನದಿಂದಲೇ ಬಡ್ತಿ. ಮೊದಲ ಸಲ ಸಮಿತಿ ಬೇಡ ಅಂದು ಆಮೇಲೆ ಒಪ್ಪಿದರೆ ಹಳೇ ದಿನಾಂಕ ಹೋಯ್ತು. ಮೇಷ್ಟ್ರದ್ದು ಯಾವುದು ಅಂತ ಆದೇಶ ನೋಡಿದರೆ ತಿಳಿಯುತ್ತೆ. ಇಲ್ಲಿ ಹಾಕಬೇಡಿ, ಅವರ ಸಂಬಳದ ಲೆಕ್ಕ ನಮಗ್ಯಾಕೆ.

ಶಿರಾ ಗೇಟ್
ಲೆಕ್ಕ ನಮಗೂ ಬರುತ್ತೆ ಸ್ವಾಮಿ. ಏಳನೇ ವೇತನ ಪಟ್ಟಿಯಲ್ಲಿ ಪ್ರೊಫೆಸರ್ ಆರಂಭಿಕ ಮೂಲ ವೇತನ 1,44,200. ಅಸೋಸಿಯೇಟ್‌ಗೆ 1,31,400. ಹೋಳಿಗೆ ಊಟ ಮೇಷ್ಟ್ರ ಕಡೆಯಿಂದಲೇ ಆಗಬೇಕು. 😄

ಅತಿಥಿ ದೇವೋ ಭವ
ಓದ್ತಾ ಇದ್ದೀನಿ. ಅಭಿನಂದನೆಗಳು. ನಾನು ಅತಿಥಿ ಉಪನ್ಯಾಸಕ. ನೀವು 10 ವರ್ಷ, 15 ವರ್ಷ ಅಂತ ಮಾತಾಡ್ತಿದ್ದೀರಿ. ನಮಗೆ ಬರೋ ಜೂನ್ ತಿಂಗಳಲ್ಲಿ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ. ಬಡ್ತಿ ತಡವಾಯ್ತು ಅಂತ ಅಳೋದೂ ಒಂದು ಭಾಗ್ಯವೇ.

ಮಧುಗಿರಿ ಬೆಟ್ಟ
@ಅತಿಥಿ ದೇವೋ ಭವ ನಿಮ್ಮ ಕಷ್ಟ ಖಂಡಿತ ದೊಡ್ಡದು. ಹಾಗಂತ ಅವರ ಅನ್ಯಾಯ ಅನ್ಯಾಯ ಅಲ್ಲ ಅಂತಾಗುತ್ತಾ?

ಅತಿಥಿ ದೇವೋ ಭವ
ಹಾಗಂದಿಲ್ಲ ಸಾರ್. ಮೇಷ್ಟ್ರು ನನಗೂ ಗುರುಗಳೇ. ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆಗೆ ಹಳಗನ್ನಡ ಹೇಳಿಕೊಟ್ಟವರು ಅವರು. ಭಾನುವಾರ ಬೆಳಿಗ್ಗೆ ಮನೆ ಜಗಲಿ ಮೇಲೆ, ಒಂದು ರೂಪಾಯಿ ತಗೊಳ್ಳದೆ. ಮೇಷ್ಟ್ರ ಮನೆಯ ಅಮ್ಮ ಒಳಗಿಂದ ರಾಗಿ ಅಂಬಲಿ ತಂದು ಕೊಡ್ತಿದ್ರು. ಸುಮ್ನೆ ಹೊಟ್ಟೆ ಉರಿಗೆ ಬರೆದೆ, ಬಿಡಿ.

ಗೌರಿಬಿದನೂರು ಮಗಳು
ನಾನು ಅವರ ಹತ್ತಿರ ಎಂ.ಎ ಸಂಪ್ರಬಂಧ ಮಾಡಿದವಳು. ಒಂದು ಸಂಗತಿ ಹೇಳಲೇಬೇಕು.

ಮಧುಗಿರಿ ಕಡೆಯ ಒಂದು ಹಳ್ಳಿಯ ಕೆರೆ ಏರಿ. ಏರಿ ಕೆಳಗೆ ಅರ್ಧ ಹೂತ ವೀರಗಲ್ಲು. ನಾವು ಐದಾರು ಜನ ಹುಡುಗಿಯರು, ಮೇಷ್ಟ್ರು. ಮೊದಲು ಸುತ್ತ ಬೆಳೆದ ಕಳ್ಳಿ ಕೀಳಿಸಿದರು. ಆಮೇಲೆ ನೀರು ಹಾಕಿ ಮೆತ್ತನೆ ಬ್ರಷ್ಷಿಂದ ಉಜ್ಜಿದರು. ತಂತಿ ಬ್ರಷ್ಷು ಮುಟ್ಟಿದರೆ ಬೈಗುಳ. ಪಾಚಿ ಹೋದ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಿಂದ ತಟ್ಟಿ ತಟ್ಟಿ ಪ್ರತಿ ಅಕ್ಷರದ ಗುಳಿಯೊಳಕ್ಕೆ ಕಾಗದ ಇಳಿಸಿದರು. ಅದು ಇನ್ನೂ ಸ್ವಲ್ಪ ಹಸಿ ಇರುವಾಗಲೇ ಮಸಿ ಉಂಡೆಯಿಂದ ಮೆಲ್ಲಗೆ ಒತ್ತೋದು. ಉಬ್ಬು ಜಾಗ ಕಪ್ಪಾಯ್ತು, ಗುಳಿ ಬೆಳ್ಳಗೆ ಉಳೀತು. ಕಲ್ಲಿನ ಮೇಲೆ ಕಾಣದ ಸಾಲು ಕಾಗದದ ಮೇಲೆ ಎದ್ದು ನಿಂತಿತು. ನನಗೆ ಮೈ ಜುಮ್ ಅಂತು.

ಅಷ್ಟರಲ್ಲಿ ಒಬ್ಬರು ಅಜ್ಜಿ ಬಂದು "ನಿಧಿ ಎಷ್ಟು ಅಡಿ ಕೆಳಗಿದೆಯಂತೆ?" ಅಂತ ಕೇಳಿದರು. ಮೇಷ್ಟ್ರು ಆ ಅಜ್ಜಿಯನ್ನ ಪಕ್ಕ ಕೂರಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಕಲ್ಲನ್ನ ಓದಿ ಹೇಳಿದರು. ಕೆಳಗಿನ ಪಟ್ಟಿಕೆಯಲ್ಲಿ ಜಗಳ, ದನಗಳು. ನಡುವಿನದರಲ್ಲಿ ಸತ್ತವನನ್ನ ಅಪ್ಸರೆಯರು ಎತ್ತಿಕೊಂಡು ಹೋಗ್ತಿರೋದು. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೂತಿರೋದು. "ನಿಮ್ಮೂರ ದನ ಹೊಡ್ಕೊಂಡು ಹೋದಾಗ ಅಡ್ಡ ನಿಂತು ಸತ್ತವನಮ್ಮ ಇವನು." ಅಜ್ಜಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ "ಮತ್ತೆ ಇವನ ಮೇಲೇ ನಾವು ಬಟ್ಟೆ ಒಗೀತಿದ್ವಲ್ಲಪ್ಪ" ಅಂದರು.

ಈ ಕೆಲಸಕ್ಕೆ ಯಾವ ಅರ್ಜಿ ನಮೂನೆಯಲ್ಲಿ ಅಂಕ ಇದೆ?

ತಿಪಟೂರು ಕೊಬ್ರಿ
@ಗೌರಿಬಿದನೂರು ಮಗಳು ಅಕ್ಕಾ 🙏 ನಮ್ಮನ್ನ ಅರಳಗುಪ್ಪೆಗೆ ಕರ್ಕೊಂಡು ಹೋಗಿದ್ರು. ಕಲ್ಲೇಶ್ವರ ದೇವಸ್ಥಾನ, ಒಂಬತ್ತನೇ ಶತಮಾನದ್ದು. ಒಳಗೆ ಹೋದ ತಕ್ಷಣ "ಎಲ್ಲರೂ ಮಲ್ಕೊಳ್ರೋ" ಅಂದರು. ನೆಲದ ಮೇಲೆ ಅಂಗಾತ ಮಲಗಿ ಛಾವಣಿ ನೋಡಿದ್ವಿ. ನಡುವೆ ಕುಣಿಯೋ ಶಿವ, ಸುತ್ತ ಎಂಟು ದಿಕ್ಪಾಲಕರು. ನಾನು ಹುಟ್ಟಿ ಬೆಳೆದಿದ್ದು ಅಲ್ಲಿಂದ ಕೂಗಳತೆಯಲ್ಲಿ. ಅಲ್ಲೀವರೆಗೂ ಒಂದ್ಸಲನೂ ತಲೆ ಎತ್ತಿ ನೋಡಿರಲಿಲ್ಲ.

ಭೌತಶಾಸ್ತ್ರ ಬೆಂಚು
ಎಲ್ಲರೂ ಹೊಗಳ್ತಿದ್ದೀರಿ, ಒಂದು ಅಡ್ಡ ಪ್ರಶ್ನೆ ಕೇಳ್ತೀನಿ, ಬೈಬೇಡಿ. ತುಮಕೂರು ಜಿಲ್ಲೆಯ ಶಾಸನಗಳನ್ನ ಬ್ರಿಟಿಷ್ ಕಾಲದ ವಿದ್ವಾಂಸ ಬಿ.ಎಲ್. ರೈಸ್ 1904ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳ ಸರಣಿಯ 12ನೇ ಸಂಪುಟದಲ್ಲಿ ಅಚ್ಚು ಹಾಕಿದ್ದಾರೆ. ಕೋಲಾರದ್ದು 10ನೇ ಸಂಪುಟ. ಎಲ್ಲ ಆಗಿಹೋಗಿರೋ ಕೆಲಸ ಅಲ್ವಾ? ಮೇಷ್ಟ್ರು ಹೊಸದಾಗಿ ಮಾಡಿದ್ದೇನು?

ಗೌರಿಬಿದನೂರು ಮಗಳು
ಬೈಯಲ್ಲ, ಒಳ್ಳೇ ಪ್ರಶ್ನೆ. ರೈಸ್ ಕಾಲದಲ್ಲಿ ಕಣ್ಣಿಗೆ ಬಿದ್ದದ್ದು ಮಾತ್ರ ಅದರಲ್ಲಿದೆ. ಪೊದೆಯೊಳಗೆ, ಕೆರೆಯ ಹೂಳಿನಲ್ಲಿ, ಮನೆ ಪಾಯದಲ್ಲಿ ಸೇರಿಕೊಂಡಿದ್ದವು ಆಮೇಲೆ ಒಂದೊಂದಾಗಿ ಸಿಗ್ತಾನೇ ಇವೆ. ಇನ್ನೊಂದು, ರೈಸ್ ಓದಿದ ಎಷ್ಟೋ ಕಲ್ಲುಗಳು ಈಗ ಆ ಜಾಗದಲ್ಲಿಲ್ಲ. ರಸ್ತೆ ಅಗಲ ಮಾಡುವಾಗ ಹೋದವು, ನಿಧಿ ಆಸೆಗೆ ಒಡೆದವು. ಮೇಷ್ಟ್ರು ಸಂಪುಟ ಕೈಲಿ ಹಿಡಿದು ಊರೂರು ಸುತ್ತಿ, ಯಾವುದು ಇದೆ, ಯಾವುದು ಹೋಯ್ತು, ಯಾವುದರ ಓದು ತಪ್ಪಾಗಿದೆ ಅಂತ ಬರೆದಿಟ್ಟಿದ್ದಾರೆ. ನಾನು ಹೇಳಿದ ಹಾಗೆ ಕಾಗದದ ಮೇಲೆ ಪಡಿಯಚ್ಚು ತೆಗೆಯೋಕೆ ಆಗದ ಕಡೆ ಸಂಜೆಯ ವಾರೆ ಬಿಸಿಲಿಗೆ ಕಾದು ಕೂತು ಓದ್ತಾರೆ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಕಾಣದ ಗೀರು ಆಗ ನೆರಳು ಬಿದ್ದು ಕಾಣುತ್ತೆ.

ಮುಳಬಾಗಿಲು ದೋಸೆ
ನಮ್ಮ ಕೋಲಾರದ ಕಡೆಗೂ ಬಂದಿದ್ದಾರೆ ಅವರು. ಕೋಲಾರಮ್ಮನ ಗುಡಿ ಗೋಡೆ ತುಂಬ ಚೋಳರ ಕಾಲದ ತಮಿಳು ಶಾಸನ. ಕನ್ನಡ ಮೇಷ್ಟ್ರಿಗೆ ಇದ್ಯಾಕೆ ಅಂತ ಬಿಡಲಿಲ್ಲ. ಆ ವಯಸ್ಸಲ್ಲಿ ತಮಿಳು ಲಿಪಿ, ಆ ಕಡೆ ಸಂಸ್ಕೃತ ಬರೆಯೋಕೆ ಬಳಸ್ತಿದ್ದ ಗ್ರಂಥ ಲಿಪಿ ಎರಡೂ ಕಲಿತರು. ಗಂಗ ರಾಜರು ತಾವು ಕುವಳಾಲಪುರದವರು, ಅಂದ್ರೆ ಕೋಲಾರದವರು ಅಂತ ಹೇಳಿಕೊಂಡ ಊರು ಸ್ವಾಮಿ ನಮ್ಮದು! ಇಲ್ಲಿ ಇತಿಹಾಸ ಓದಬೇಕಂದ್ರೆ ಕನ್ನಡ, ತಮಿಳು, ತೆಲುಗು ಮೂರೂ ಬೇಕು.

ಶಿರಾ ಗೇಟ್
ಶುರುವಾಯ್ತು ಕೋಲಾರದವರ ಜಂಬ.

ಮುಳಬಾಗಿಲು ದೋಸೆ
ಜಂಬಕ್ಕೆ ಕಾರಣ ಇದೆ. ಡಿ.ವಿ.ಜಿ ನಮ್ಮ ಮುಳಬಾಗಿಲವರು. ಯಾವ ಡಿಗ್ರಿನೂ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ತಾನಾಗೇ ಕರೆದು ಡಿ.ಲಿಟ್ ಕೊಟ್ಟಿತು. ಇವತ್ತಾಗಿದ್ದರೆ ರಿಫ್ರೆಶರ್ ಕೋರ್ಸ್ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳ್ತಿದ್ರು.

ಶಿರಾ ಗೇಟ್
ನಮ್ಮ ಕಡೆ ಬಿ.ಎಂ.ಶ್ರೀ ಹುಟ್ಟಿದ ಸಂಪಿಗೆ ಇದೆ, ತೀ.ನಂ.ಶ್ರೀ ಅವರ ತೀರ್ಥಪುರ ಇದೆ. ಒಂದು ತುರುವೇಕೆರೆ ತಾಲ್ಲೂಕು, ಇನ್ನೊಂದು ಚಿಕ್ಕನಾಯಕನಹಳ್ಳಿ. ಲೆಕ್ಕ ಹಾಕ್ತಾ ಕೂತರೆ ನೀವೇ ಸೋಲ್ತೀರಿ.

ಗೌರಿಬಿದನೂರು ಮಗಳು
ಗೌರಿಬಿದನೂರನ್ನ ಮರೀಬೇಡಿ. ಪ್ರಾಚೀನ ಗ್ರಂಥ ಸಂಪಾದನೆಯ ಎಲ್. ಬಸವರಾಜು ಇಡಗೂರಿನವರು. ಎಚ್. ನರಸಿಂಹಯ್ಯನವರು ಹೊಸೂರಿನವರು. ಅಮೆರಿಕದ ಒಹಾಯೊದಲ್ಲಿ ಪಿಎಚ್‌ಡಿ ಮಾಡಿ ಬಂದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು, ಕೊನೇವರೆಗೂ ಹಾಸ್ಟೆಲ್ ರೂಮಲ್ಲೇ ಇದ್ದರು. ಓದೋಕೆ ಅಂತ ಊರಿಂದ ಬೆಂಗಳೂರಿಗೆ ನಡ್ಕೊಂಡೇ ಹೋದ ಹುಡುಗ ಅವರು.

ಮಾಡರೇಟರ್
ಜಿಲ್ಲೆ ಜಿಲ್ಲೆ ಕಬಡ್ಡಿ ಬೇರೆ ಎಳೆಯಲ್ಲಿ ಆಡಿ. ಇಲ್ಲಿ ಮೇಷ್ಟ್ರ ವಿಷಯ.

ಮಧುಗಿರಿ ಬೆಟ್ಟ
ಸರಿ, ವಿಷಯಕ್ಕೆ ಬರ್ತೀನಿ. ನನ್ನ ಸಿಟ್ಟು ಯಾಕೆ ಅಂತ ಲೆಕ್ಕದಲ್ಲೇ ತೋರಿಸ್ತೀನಿ. ಪ್ರೊಫೆಸರ್ ಆಗೋಕೆ ಕನಿಷ್ಠ 10 ಸಂಶೋಧನಾ ಲೇಖನ, 110 ಸಂಶೋಧನಾ ಅಂಕ ಬೇಕು. ಭಾಷೆ, ಮಾನವಿಕ ವಿಷಯಗಳಲ್ಲಿ ಮಾನ್ಯತೆ ಇರೋ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ 10 ಅಂಕ. ರಾಷ್ಟ್ರ ಮಟ್ಟದ ಪ್ರಕಾಶಕರಿಂದ ಬಂದ ಒಂದು ಇಡೀ ಪುಸ್ತಕಕ್ಕೆ ಎಷ್ಟು ಗೊತ್ತಾ? ಅದಕ್ಕೂ 10.

ಒಂದು ತಾಲ್ಲೂಕಿನ ಊರೂರು ಅಲೆದು, ಹಳ್ಳ ದಾಟಿ, ನಾಯಿ ಅಟ್ಟಿಸಿಕೊಂಡು, ವರ್ಷಗಟ್ಟಲೆ ಕೂತು ಬರೆದ ಪುಸ್ತಕಕ್ಕೂ, ಎಂಟು ಪುಟದ ಒಂದು ಲೇಖನಕ್ಕೂ ಒಂದೇ ತಕ್ಕಡಿ. ಮೇಷ್ಟ್ರ ಆ ಪುಸ್ತಕ ಸ್ಥಳೀಯ ಪ್ರಕಾಶಕರದ್ದು ಬೇರೆ. ಲೆಕ್ಕಕ್ಕೇ ಬರಲಿಲ್ಲವಂತೆ.

ಅವರ ಒಳ್ಳೊಳ್ಳೇ ಬರಹ ಎಲ್ಲಿದೆ? ತಾಲ್ಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗಳಲ್ಲಿ, ಜಾತ್ರೆ ಸಂಚಿಕೆಗಳಲ್ಲಿ, ಭಾನುವಾರದ ಪುರವಣಿಗಳಲ್ಲಿ. ಅಲ್ಲಿನ ಜನ ಓದಲಿ ಅಂತ ಅಲ್ಲೇ ಕೊಟ್ಟರು. ಅದಕ್ಕೆ ಅಂಕ ಸೊನ್ನೆ. ಅದೇ ಹೊತ್ತಿಗೆ ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚಾಗೋ ಪತ್ರಿಕೆಗಳಲ್ಲಿ ಹಾಕಿಸಿಕೊಂಡವರು ಮುಂದೆ ಹೋದರು.

ಭೌತಶಾಸ್ತ್ರ ಬೆಂಚು
ಆ ಕಳ್ಳ ಪತ್ರಿಕೆಗಳನ್ನ ತಡೆಯೋಕೆ ಅಂತಾನೇ ಯುಜಿಸಿ ಕೇರ್ ಅಂತ ಮಾನ್ಯ ಸಂಶೋಧನಾ ಪತ್ರಿಕೆಗಳ ಪಟ್ಟಿ ತಂದಿದ್ದು. 2025ರಲ್ಲಿ ಅದನ್ನೂ ಕೈಬಿಟ್ಟರು. ಇನ್ನು ಯಾವುದು ಸರಿ ಅಂತ ಆಯಾ ಸಂಸ್ಥೆಯೇ ತೀರ್ಮಾನ ಮಾಡಬೇಕಂತೆ. ನೋಡಿ ಇನ್ನೇನೇನು ಆಗುತ್ತೆ.

ಅಂದಹಾಗೆ ವಿಜ್ಞಾನದಲ್ಲಿ ಒಂದು ಲೇಖನಕ್ಕೆ 8 ಅಂಕ ಮಾತ್ರ. ನೀವು ಪುಣ್ಯವಂತರು.

ಕಡತ ಗುಮಾಸ್ತ
@ಮಧುಗಿರಿ ಬೆಟ್ಟ ನಿಮ್ಮ ಮಾತು ಸರಿ, ಆದರೆ ಅಳತೆಗೋಲು ಬೇಡ ಅನ್ನೋಕಾಗಲ್ಲ. ಅಂಕ ಇಲ್ಲದ ಕಾಲದಲ್ಲಿ ಏನಿತ್ತು? ಯಾರಿಗೆ ಯಾರು ಬೇಕಾದವರು ಅನ್ನೋದೇ ಅಳತೆ. ಅಂಕದ ಪದ್ಧತಿ ಬಂದಿದ್ದಕ್ಕೇ ಯಾವ ವಶೀಲಿ ಇಲ್ಲದ ಎಷ್ಟೋ ಜನಕ್ಕೆ ಬಡ್ತಿ ಸಿಕ್ಕಿದೆ.

ಇನ್ನೊಂದು ಮಾತು, ಮೇಷ್ಟ್ರ ಅಭಿಮಾನಿಗಳು ಕಲ್ಲು ಹೊಡೀಬೇಡಿ. ತಡಕ್ಕೆ ಅವರದ್ದೂ ಪಾಲಿದೆ. ಪಿಎಚ್‌ಡಿ ತಡವಾಗಿ ಮುಗಿಸಿದರು. ಅರ್ಜಿ ತುಂಬಿ ಅಂತ ಸಹೋದ್ಯೋಗಿಗಳು ಹಿಂದೆ ಬಿದ್ದರೂ "ಮುಂದಿನ ತಿಂಗಳು ನೋಡೋಣ" ಅಂತಲೇ ಇದ್ದರು. ಸರ್ಟಿಫಿಕೇಟುಗಳನ್ನ ಯಾವ ಪುಸ್ತಕದೊಳಗೆ ಇಟ್ಟಿದ್ದಾರೋ ಅವರಿಗೇ ಗೊತ್ತಿರಲಿಲ್ಲ.

ಅತಿಥಿ ದೇವೋ ಭವ
ಅದು ನಿಜ. ಕೊನೆಗೆ ಅವರ ಮನೆಯ ಅಮ್ಮ ಹುಡುಕಿ ಕೊಟ್ಟಿದ್ದು. ಹಳಗನ್ನಡ ನಿಘಂಟಿನ ಮಧ್ಯೆ ಇತ್ತಂತೆ ಓರಿಯಂಟೇಶನ್ ಸರ್ಟಿಫಿಕೇಟು.

ಮಧುಗಿರಿ ಬೆಟ್ಟ
ಅರ್ಜಿ ತುಂಬೋದ್ರಲ್ಲಿ ಚುರುಕು ಇಲ್ಲದೋರು ವಿದ್ವತ್ತಲ್ಲಿ ಹಿಂದೆ ಅಂತೇನಿಲ್ಲವಲ್ಲ. ಕೆಲಸ ಕಣ್ಮುಂದೆ ಇದ್ದಾಗ ಆಫೀಸಿನವರೇ ಕರೆದು ತುಂಬಿಸಿಕೊಳ್ಳಬಾರದಾ?

ಕಡತ ಗುಮಾಸ್ತ
ಒಬ್ಬ ಗುಮಾಸ್ತನ ಮೇಜಿನ ಮೇಲೆ ಎಷ್ಟು ಕಡತ ಇರುತ್ತೆ ಅಂತ ಒಂದ್ಸಲ ಬಂದು ನೋಡಿ, ಆಮೇಲೆ ಮಾತಾಡೋಣ.

ಪಾವಗಡ ಬಿಸಿಲು
ಇಬ್ಬರೂ ಕಾಫಿ ಕುಡಿದು ಬನ್ನಿ.

ಅಮಾನಿಕೆರೆ ವಾಕರ್
ಎಲ್ಲ ಸರಿ ಕಣ್ರಪ್ಪ, ನಾನು ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಶಾಲು ಬೇಡ ಅಂದರೆ ಏನು?

ಕ್ಯಾತ್ಸಂದ್ರ ತಟ್ಟೆ
ಅಭಿನಂದನ ಗ್ರಂಥ ತರೋಣ.

ಶಿರಾ ಗೇಟ್
ದೇವರಾಣೆ ಬೇಡ. ಈಗಿನ ಅಭಿನಂದನ ಗ್ರಂಥ ಅಂದ್ರೆ ಮೊದಲ ಐವತ್ತು ಪುಟ ಫೋಟೋ, ಆಮೇಲೆ "ನಾ ಕಂಡಂತೆ", "ನನ್ನ ನೆಚ್ಚಿನ ಗುರು" ಅಂತ ನಲವತ್ತು ಲೇಖನ, ಕೊನೆಗೆ ಜಾಹೀರಾತು. ಬಂದವರಿಗೆ ಒಂದೊಂದು ಹಂಚಿ, ಮಿಕ್ಕಿದ್ದು ಯಾರದೋ ಮನೆ ಮಂಚದ ಕೆಳಗೆ.

ಗೌರಿಬಿದನೂರು ಮಗಳು
ಎಲ್ಲ ಹಾಗೇ ಅಂತ ಹೇಳೋಕಾಗಲ್ಲ. ಬಿ.ಎಂ.ಶ್ರೀ ಅವರಿಗೆ ಶಿಷ್ಯರು, ಗೆಳೆಯರು ಸೇರಿ ಕೊಟ್ಟ 'ಸಂಭಾವನೆ'ಯನ್ನ ಇವತ್ತಿಗೂ ಹುಡುಕಿ ಓದೋರಿದ್ದಾರೆ. ಅದರಲ್ಲಿ ವಿಷಯ ಇದೆ. ನಮ್ಮಲ್ಲಿ ವಿಷಯ ಬರೆಯೋರು ಎಷ್ಟು ಜನ ಇದ್ದೀವಿ ಅನ್ನೋದು ಪ್ರಶ್ನೆ.

ಮುಳಬಾಗಿಲು ದೋಸೆ
ನಿಧಿ ಕೂಡಿಸಿ ಕೊಡಿ. ಡಿ.ವಿ.ಜಿ ಅವರಿಗೆ 1970ರಲ್ಲಿ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಲಕ್ಷ ರೂಪಾಯಿ ಕೊಟ್ಟಾಗ, ಅದನ್ನ ಹಾಗೇ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಮೇಷ್ಟ್ರೂ ಅಂಥದ್ದೇ ಏನಾದರೂ ಮಾಡ್ತಾರೆ.

ಪಾವಗಡ ಬಿಸಿಲು
ಅದೇ ದುಡ್ಡಲ್ಲಿ ಆ ಕೆರೆ ಏರಿಯ ವೀರಗಲ್ಲಿಗೆ ಒಂದು ಮಂಟಪ ಕಟ್ಟಿಸೋಣ. ಟೈಲ್ಸ್ ಹಾಕಿ, ಚೆನ್ನಾಗಿ ಬಣ್ಣ ಹೊಡೆಸಿ, ಮೇಷ್ಟ್ರ ಹೆಸರಿನ ಫಲಕ.

ಗೌರಿಬಿದನೂರು ಮಗಳು
ಬಣ್ಣ ಅನ್ನೋ ಮಾತು ಮೇಷ್ಟ್ರ ಕಿವಿಗೆ ಬಿದ್ದರೆ ಈ ಗುಂಪಿಂದಲೇ ಹೊರಗೆ ಹಾಕಿಸ್ತಾರೆ ನಿಮ್ಮನ್ನ! ಊರೂರಲ್ಲಿ ವೀರಗಲ್ಲಿಗೆ ಎನಾಮಲ್ ಪೇಂಟ್ ಬಳಿದು, ಸಿಮೆಂಟ್ ಮೆತ್ತಿ ಅಕ್ಷರ ಮುಚ್ಚಿಬಿಟ್ಟಿದ್ದಾರೆ. ಸಿಮೆಂಟ್ ಕಿತ್ತರೆ ಕಲ್ಲಿನ ಚಕ್ಕೆಯೇ ಎದ್ದು ಬರುತ್ತೆ. ಕಲ್ಲನ್ನ ನೆಟ್ಟಗೆ ನಿಲ್ಲಿಸಿ, ಸುತ್ತ ನೀರು ನಿಲ್ಲದ ಹಾಗೆ ಮಾಡಿ, ಪಕ್ಕದಲ್ಲಿ ಏನು ಬರೆದಿದೆ ಅಂತ ಒಂದು ಫಲಕ ಹಾಕಿದರೆ ಸಾಕು. ಅದಕ್ಕೂ ಪಂಚಾಯ್ತಿಯವರನ್ನ, ಊರವರನ್ನ ಕೇಳಿಯೇ ಮುಟ್ಟಬೇಕು.

ಪಾವಗಡ ಬಿಸಿಲು
ಸರಿ ತಾಯಿ, ಬಣ್ಣ ಕ್ಯಾನ್ಸಲ್.

ಅತಿಥಿ ದೇವೋ ಭವ
ನನ್ನದೊಂದು ಸಲಹೆ. ಮಧುಗಿರಿ ಅಣ್ಣ ಹೇಳಿದ ಹಾಗೆ ಅವರ ಬರಹ ಸ್ಮರಣ ಸಂಚಿಕೆಗಳಲ್ಲಿ ಚೆಲ್ಲಾಪಿಲ್ಲಿ ಆಗಿದೆ. ಅವರ ಹತ್ತಿರವೂ ಎಲ್ಲದರ ಪ್ರತಿ ಇಲ್ಲ, ಕೇಳಿದವರಿಗೆಲ್ಲ ಕೊಟ್ಟುಬಿಟ್ಟಿದ್ದಾರೆ. ನಾವು ಅವರ ಬಗ್ಗೆ ಬರೆಯೋದು ಬಿಟ್ಟು ಅವರು ಬರೆದದ್ದನ್ನ ಕೂಡಿಸೋಣ. ಒಬ್ಬೊಬ್ಬರು ಒಂದೊಂದು ತಾಲ್ಲೂಕು ಹಂಚಿಕೊಳ್ಳಿ. ಹಳೇ ಸಂಚಿಕೆ ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕದವರ ಹತ್ತಿರ, ಮಠಗಳಲ್ಲಿ, ಹಳೇ ಪದಾಧಿಕಾರಿಗಳ ಮನೆ ಅಟ್ಟದ ಮೇಲೆ ಸಿಗುತ್ತೆ. ಸ್ಕ್ಯಾನ್ ಮಾಡಿ ತನ್ನಿ. ಟೈಪ್ ಮಾಡಿಸೋದು, ಕರಡು ತಿದ್ದೋದು ನಾನು ನೋಡ್ಕೋತೀನಿ. ಹೇಗಿದ್ದರೂ ಏಪ್ರಿಲ್, ಮೇನಲ್ಲಿ ನನಗೆ ಸಂಬಳವೂ ಇಲ್ಲ, ಕೆಲಸವೂ ಇಲ್ಲ.

ತಿಪಟೂರು ಕೊಬ್ರಿ
ಇದು ಮಾತು! ತಿಪಟೂರು ನನಗೆ.

ಮಧುಗಿರಿ ಬೆಟ್ಟ
ನಾನೂ ಬರ್ತೀನಿ. ಮಧುಗಿರಿ, ಕೊರಟಗೆರೆ ಎರಡೂ ನನಗಿರಲಿ. ಆದರೆ ಒಂದು ಷರತ್ತು, @ಅತಿಥಿ ದೇವೋ ಭವ ಅವರಿಗೆ ಟೈಪಿಂಗ್, ಕರಡಿನ ಸಂಭಾವನೆ ಕೊಡಲೇಬೇಕು. ವಿದ್ವಾಂಸರ ಕೆಲಸಕ್ಕೆ ದುಡ್ಡು ಕೊಡದೆ ಮೇಷ್ಟ್ರಿಗೆ ಗೌರವ ಮಾಡೋದು ಸರಿ ಹೋಗಲ್ಲ.

ಅತಿಥಿ ದೇವೋ ಭವ
ಗುರುಗಳ ಕೆಲಸಕ್ಕೆ ದುಡ್ಡಾ? ಬೇಡ.

ಮಧುಗಿರಿ ಬೆಟ್ಟ
ಬೇಡ ಅನ್ನೋ ಹಕ್ಕು ನಿಮಗಿಲ್ಲ. ಈ ಗುಂಪಿನ ತೀರ್ಮಾನ.

ಕಡತ ಗುಮಾಸ್ತ
ಒಂದು ಕೆಲಸದ ಮಾತು. ಅಚ್ಚು ಮಾಡಿಸುವಾಗ ಐಎಸ್‌ಬಿಎನ್ ಹಾಕಿಸಿ. ಪ್ರತಿ ಲೇಖನದ ಕೆಳಗೆ ಮೊದಲು ಎಲ್ಲಿ, ಯಾವ ವರ್ಷ ಬಂತು ಅಂತ ಬರೆಸಿ. ಮೇಷ್ಟ್ರಿಗೆ ಇನ್ನು ಅಂಕ ಬೇಡ, ಆದರೆ ಮುಂದೆ ಇದನ್ನ ಬಳಸೋ ಸಂಶೋಧಕರಿಗೆ ಬೇಕು.

ಭೌತಶಾಸ್ತ್ರ ಬೆಂಚು
ಪಡಿಯಚ್ಚುಗಳ ಫೋಟೋ ನಾನು ತೆಗೀತೀನಿ. ಲೈಟು ಒಂದು ಪಕ್ಕದಿಂದ ವಾರೆಯಾಗಿ ಬಿಡೋ ಸೆಟಪ್ ನಮ್ಮ ಲ್ಯಾಬಲ್ಲಿ ಇದೆ. ಕಲ್ಲಿನ ಹತ್ತಿರವೂ ರಾತ್ರಿ ಹೊತ್ತು ಟಾರ್ಚ್ ಇಟ್ಟು ತೆಗೀಬಹುದು, ಸಂಜೆಗೆ ಕಾಯೋದೇ ಬೇಡ.

ಗೌರಿಬಿದನೂರು ಮಗಳು
@ಭೌತಶಾಸ್ತ್ರ ಬೆಂಚು ಆಗ್ಲೇ ಎಲ್ಲ ಆಗಿಹೋಗಿರೋ ಕೆಲಸ ಅಂದಿದ್ರಿ? 😊

ಭೌತಶಾಸ್ತ್ರ ಬೆಂಚು
ಪ್ರಶ್ನೆ ಕೇಳೋದು ನಮ್ಮ ಡಿಪಾರ್ಟ್‌ಮೆಂಟಿನ ಚಾಳಿ.

ಮುಳಬಾಗಿಲು ದೋಸೆ
ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಸಂಚಿಕೆ ನಾನು ಹುಡುಕ್ತೀನಿ. ಅವರು ಆವಣಿ ಬಗ್ಗೆ ಬರೆದ ಲೇಖನ ಒಂದು ಜಾತ್ರೆ ಸಂಚಿಕೆಯಲ್ಲಿ ನೋಡಿದ ನೆನಪು. ತಮಿಳು ಶಾಸನದ ಟಿಪ್ಪಣಿಗಳಿಗೆ ತಮಿಳು ಬರೋರು ಒಬ್ಬರು ಕರಡು ನೋಡಬೇಕು. ಕೆಜಿಎಫ್ ಕಡೆಯವರು ಯಾರಾದರೂ ಇದ್ದರೆ ಹೇಳಿ.

ಶಿರಾ ಗೇಟ್
ಶಿರಾ ನಾನೇ ನೋಡ್ತೀನಿ, ಮುದ್ರಣದ ದರಪಟ್ಟಿಯೂ ತರ್ತೀನಿ. ಬಿ.ಎಚ್. ರಸ್ತೆಯ ಎರಡು ಪ್ರೆಸ್ ನನಗೆ ಪರಿಚಯ. ಐನೂರು ಪ್ರತಿ ಸಾಕು. ಮಂಚದ ಕೆಳಗೆ ಒಂದೂ ಹೋಗಬಾರದು.

ಅಮಾನಿಕೆರೆ ವಾಕರ್
ಈಗ ತಾನೇ ಮೇಷ್ಟ್ರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಮೊದಲು "ಯಾಕಪ್ಪ ಖರ್ಚು" ಅಂದರು. ಆಮೇಲೆ ಒಂದೈದು ನಿಮಿಷ ಬಿಟ್ಟು ಅವರೇ ವಾಪಸ್ ಫೋನ್ ಮಾಡಿ, ಯಾವ ಲೇಖನ ಸೇರಿಸಬಾರದು ಅಂತ 7 ಹೆಸರು ಹೇಳಿದರು. ಆ ಓದುಗಳನ್ನ ಈಗ ಅವರೇ ಒಪ್ಪಲ್ಲವಂತೆ. ಅಂದ್ರೆ ಒಪ್ಪಿಗೆ ಸಿಕ್ಕ ಹಾಗೇ.

ಕಡತ ಗುಮಾಸ್ತ
ಆ 7 ಲೇಖನಗಳನ್ನೂ ಸೇರಿಸಿ, ಕೆಳಗೆ ಅವರ ತಿದ್ದುಪಡಿ ಬರೆಸಿದರೆ ಆಗಲ್ವಾ?

ಗೌರಿಬಿದನೂರು ಮಗಳು
ಒಪ್ಪಲ್ಲ ಅವರು. ಕೇಳಿ ನೋಡಿ ಬೇಕಾದ್ರೆ, ಆದರೆ ನನ್ನ ಹೆಸರು ಹೇಳಬೇಡಿ.

ಕ್ಯಾತ್ಸಂದ್ರ ತಟ್ಟೆ
ಪುಸ್ತಕ ಬಿಡುಗಡೆಗೆ ಊಟ ನನ್ನದು ಅಂತ ಆಗಲೇ ಹೇಳಿದ್ದೀನಿ, ಯಾರೂ ಗಮನಿಸಿಲ್ಲ. ಎಷ್ಟು ಜನ ಅಂತ ಹೇಳಿ. ತಟ್ಟೆ ಇಡ್ಲಿಗೆ ಹಿಂದಿನ ರಾತ್ರಿಯೇ ಹಿಟ್ಟು ರೆಡಿ ಇರಬೇಕು.

ಪಾವಗಡ ಬಿಸಿಲು
ಹೋಳಿಗೆ ಇಲ್ವಾ?

ಕ್ಯಾತ್ಸಂದ್ರ ತಟ್ಟೆ
ಅದು ಮೇಷ್ಟ್ರ ಅರಿಯರ್ಸ್ ಬಂದ ಮೇಲೆ.

ಅಮಾನಿಕೆರೆ ವಾಕರ್
ಗುಬ್ಬಿ, ಕುಣಿಗಲ್, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇನ್ನೂ ಯಾರೂ ತಗೊಂಡಿಲ್ಲ. ಆ ಕಡೆಯವರು ಯಾರಿದ್ದೀರಿ? ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೆರೆ ಪಾರ್ಕಿನ ಹತ್ತಿರ ಸೇರೋಣ. ಸಿಕ್ಕಿರೋ ಸಂಚಿಕೆಗಳನ್ನ ತನ್ನಿ. ಭಾನುವಾರ ಸೇರೋ ವಿಷಯ ಮೇಷ್ಟ್ರಿಗೆ ಸದ್ಯಕ್ಕೆ ಹೇಳಬೇಡಿ, ಬಂದು ನಮ್ಮ ಸ್ಕ್ಯಾನಿನಲ್ಲೇ ತಪ್ಪು ಹುಡುಕ್ತಾರೆ.